ಬೆನ್ನಿಗೊಂದು ಚೀಲ, ಎದುರಿಗೆ ಬ್ಯಾಂಕಾಕ್: ಮೊದಲ ಸಲ ಹೋಗುವವರಿಗೆ ಒಂದು ಕೈಪಿಡಿ

ಬ್ಯಾಂಕಾಕ್ ಅಪಾಯದ ಊರಲ್ಲ. ಆದರೆ ರಾತ್ರಿಯೆಲ್ಲ ನಿದ್ದೆಗೆಟ್ಟು, ಬೆನ್ನಿಗೆ ಹತ್ತು ಕಿಲೋ ಹೊತ್ತು, ಬಿಸಿಲಲ್ಲಿ ನಿಂತು ಫೋನಿನಲ್ಲಿ ದಾರಿ ಹುಡುಕುವವರನ್ನು ದೂರದಿಂದಲೇ ಗುರುತಿಸುವ ಜನ ಅಲ್ಲಿದ್ದಾರೆ. ಹೋಗಿ ಬಂದವರು ಹೇಳುವ ಎಡವಟ್ಟಿನ ಕಥೆಗಳೆಲ್ಲ ಹೆಚ್ಚುಕಡಿಮೆ ಇಲ್ಲಿಂದಲೇ ಶುರುವಾಗುತ್ತವೆ.

ಹಾಗಾಗಿ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನೀವಾಗಿ ಹೋಗಿ ಕೇಳಿದರೆ ಅಲ್ಲಿನ ಜನ ಕೈಹಿಡಿದು ದಾರಿ ತೋರಿಸುತ್ತಾರೆ. ಭಾಷೆ ಬರದಿದ್ದರೂ ಬಸ್ ಸ್ಟಾಪಿನವರೆಗೆ ಜೊತೆಗೆ ಬರುವವರಿದ್ದಾರೆ. ಆದರೆ ದೊಡ್ಡ ಪ್ರವಾಸಿ ತಾಣಗಳ ಹತ್ತಿರ ತಾವಾಗಿಯೇ ಬಂದು "ಇಂಡಿಯಾನಾ? ಎಲ್ಲಿಗೆ ಹೊರಟಿದ್ದೀರಿ?" ಅಂತ ಕೇಳುವವರು ಬಹುತೇಕ ಏನನ್ನೋ ಮಾರೋಕೆ ಬಂದವರು. ಈ ಒಂದು ವ್ಯತ್ಯಾಸ ತಲೆಯಲ್ಲಿದ್ದರೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ. ಉಳಿದ ಅರ್ಧಕ್ಕೆ ಈ ಲೇಖನ.

1. ಟಿಕೆಟ್ ತೆಗೆಯುವ ಮುಂಚೆ

ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಚೆನ್ನಾಗಿರುತ್ತದೆ. ಎಲ್ಲರೂ ಆಗಲೇ ಹೋಗುವುದರಿಂದ ರೇಟೂ ಜಾಸ್ತಿ. ಏಪ್ರಿಲ್‌ನಲ್ಲಿ ಬೆಂದು ಹೋಗುತ್ತೀರಿ. ಆದರೆ 13ರಿಂದ 15ರವರೆಗೆ ಸೊಂಗ್‌ಕ್ರಾನ್ ಹಬ್ಬ, ಇಡೀ ಊರು ಒಬ್ಬರಿಗೊಬ್ಬರು ನೀರು ಎರಚಿಕೊಳ್ಳುತ್ತದೆ. ಆಗ ಹೋಗುವುದಾದರೆ ಫೋನಿಗೆ, ಪಾಸ್‌ಪೋರ್ಟಿಗೆ ನೀರು ಹೋಗದ ಚೀಲ ಇರಲೇಬೇಕು. ನಿಮ್ಮ ಬೆನ್ನ ಮೇಲೆ ಲಗೇಜ್ ಇದೆ ಅಂತ ಯಾರೂ ಕರುಣೆ ತೋರಿಸುವುದಿಲ್ಲ. ಮಳೆಗಾಲ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ. ದಿನವಿಡೀ ಸುರಿಯುವ ನಮ್ಮ ಮಲೆನಾಡಿನ ಮಳೆಯಲ್ಲ ಅದು. ಹೆಚ್ಚಾಗಿ ಮಧ್ಯಾಹ್ನದ ಮೇಲೆ ಧೋ ಅಂತ ಸುರಿದು ನಿಲ್ಲುತ್ತದೆ.

ಬೆಂಗಳೂರಿನಿಂದ ನೇರ ವಿಮಾನಗಳಿವೆ, ಸುಮಾರು ನಾಲ್ಕು ಗಂಟೆ ಪ್ರಯಾಣ. ಅವರ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಬುಕ್ ಮಾಡುವಾಗ ಯಾವ ವಿಮಾನ ನಿಲ್ದಾಣ ಅಂತ ನೋಡಿಕೊಳ್ಳಿ. ಬ್ಯಾಂಕಾಕಿಗೆ ಎರಡಿವೆ: ಪೂರ್ವಕ್ಕೆ ಸುವರ್ಣಭೂಮಿ, ಉತ್ತರಕ್ಕೆ ಡಾನ್ ಮುವಾಂಗ್. ಟಿಕೆಟ್ಟಿನಲ್ಲಿ ಬಿಕೆಕೆ ಅಂತಿದ್ದರೆ ಮೊದಲನೆಯದು, ಡಿಎಂಕೆ ಅಂತಿದ್ದರೆ ಎರಡನೆಯದು. ಒಂದರಲ್ಲಿ ಇಳಿದು ಎರಡು ಗಂಟೆಯಲ್ಲಿ ಇನ್ನೊಂದರಿಂದ ಚಿಯಾಂಗ್ ಮಾಯ್‌ಗೋ ಕ್ರಾಬಿಗೋ ಹಾರುತ್ತೇನೆ ಅಂತ ಲೆಕ್ಕ ಹಾಕಬೇಡಿ. ಟ್ರಾಫಿಕ್ ಸಿಕ್ಕರೆ ಒಂದರಿಂದ ಇನ್ನೊಂದಕ್ಕೆ ಹೋಗುವುದಕ್ಕೇ ಆ ಸಮಯ ಬೇಕು.

2024ರ ಜುಲೈನಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಇರಲು ಅವಕಾಶ ಕೊಟ್ಟರು. ಈ ಅವಧಿ ಇಳಿಸುವ ಮಾತು ಆಗಾಗ ಬರುತ್ತಿರುತ್ತದೆ, ಆದ್ದರಿಂದ ಹೊರಡುವ ತಿಂಗಳು ರಾಯಭಾರ ಕಚೇರಿಯ ಜಾಲತಾಣ ನೋಡಿಯೇ ಮುಂದುವರಿಯಿರಿ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ತುಂಬುವುದು ಕಡ್ಡಾಯ. ಇಳಿಯುವ ದಿನಕ್ಕೆ ಮುಂಚಿನ ಮೂರು ದಿನಗಳ ಒಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಪೂರ್ತಿ ಉಚಿತ. ದುಡ್ಡು ಕೇಳುವ ಜಾಲತಾಣ ಸಿಕ್ಕರೆ ಅದು ಸರ್ಕಾರದ್ದಲ್ಲ ಅಂತಲೇ ಅರ್ಥ. ಪ್ರವಾಸದ ಮೊದಲ ಮೋಸ ಮನೆಯ ಸೋಫಾದ ಮೇಲೇ ಆಗಬಹುದು ನೋಡಿ.

ಹೋಟೆಲ್ ಬುಕಿಂಗ್ ಮತ್ತು ವಾಪಸ್ ಟಿಕೆಟ್ಟಿನ ಪ್ರಿಂಟ್ ಇಟ್ಟುಕೊಳ್ಳಿ. ಇಮಿಗ್ರೇಷನ್‌ನಲ್ಲಿ ಕೇಳದೇ ಇರಬಹುದು, ಕೇಳಿದಾಗ ಫೋನ್ ಸತ್ತಿರಬಾರದು.

2. ಚೀಲ: ಅರ್ಧ ಮನೆಯಲ್ಲೇ ಬಿಡಿ

ಏಳು ಕಿಲೋಗಿಂತ ಜಾಸ್ತಿ ಬೇಡ. ಕಾರಣ ವಿಮಾನದ ಶುಲ್ಕವಷ್ಟೇ ಅಲ್ಲ. ನೀವು ದೋಣಿಗೆ ಹಾರಬೇಕು, ಸ್ಕೈಟ್ರೈನಿನ (ಕಂಬಗಳ ಮೇಲೆ ಓಡುವ ಮೆಟ್ರೋ) ಮೆಟ್ಟಿಲು ಹತ್ತಬೇಕು, ಅಂಗಡಿ, ಗಾಡಿ, ವಿದ್ಯುತ್ ಕಂಬ ಎಲ್ಲ ಇರುವ ಫುಟ್‌ಪಾತಿನಲ್ಲಿ ನುಸುಳಬೇಕು. ಚಕ್ರದ ಸೂಟ್‌ಕೇಸ್ ಎಳೆದವರ ಪಾಡು ನೋಡಿದ್ದೇನೆ.

ಬಟ್ಟೆ ನಾಲ್ಕು ಜೊತೆ ಸಾಕು. ಬೀದಿಬೀದಿಯಲ್ಲಿ ಲಾಂಡ್ರಿ ಇದೆ, ಕಿಲೋ ಲೆಕ್ಕದಲ್ಲಿ ಒಗೆದು ಕೊಡುತ್ತಾರೆ. ಮೊಣಕಾಲು ಮುಚ್ಚುವ ತೆಳು ಪ್ಯಾಂಟ್ ಒಂದು, ಭುಜ ಮುಚ್ಚುವ ಅಂಗಿ ಒಂದು ಇರಲೇಬೇಕು, ದೇವಸ್ಥಾನಗಳಿಗೆ. ಶೂ ಬದಲು ಸುಲಭವಾಗಿ ಹಾಕಿ ಬಿಚ್ಚುವ ಚಪ್ಪಲಿ ತಗೊಳ್ಳಿ, ದಿನಕ್ಕೆ ಎಷ್ಟು ಸಲ ಬಿಚ್ಚಬೇಕೋ ಲೆಕ್ಕವಿಲ್ಲ. ಹಾಸ್ಟೆಲ್ ಲಾಕರಿಗೆ ಒಂದು ಚಿಕ್ಕ ಬೀಗ. ಚಳಿಯಾಗುವ ಎಸಿ ರೈಲು ಬಸ್ಸುಗಳಿಗೆ ತೆಳುವಾದ ಒಂದು ಮೇಲಂಗಿ. ನಮ್ಮ ಎರಡು ಪಿನ್ನಿನ ಚಾರ್ಜರ್ ಅಲ್ಲಿ ಹೊಂದುತ್ತದೆ, ದಪ್ಪ ಮೂರು ಪಿನ್ನಿನದು ಹೊಂದುವುದಿಲ್ಲ.

ಇ-ಸಿಗರೇಟ್ ಬಿಟ್ಟುಬನ್ನಿ. ಥಾಯ್ಲೆಂಡಿಗೆ ಅದನ್ನು ತರುವುದು ಕಾನೂನಿಗೆ ವಿರುದ್ಧ, ಬೀದಿಯಲ್ಲಿ ಮಾರುತ್ತಿರುವುದು ಕಂಡರೂ ಸಹ.

3. ದುಡ್ಡು

ಒಂದು ಬಾತ್ ಅಂದರೆ ಸುಮಾರು ಎರಡೂವರೆಯಿಂದ ಮೂರು ರೂಪಾಯಿ. ಭಾರತದ ನೋಟನ್ನು ಅಲ್ಲಿ ಬದಲಾಯಿಸಿದರೆ ನಷ್ಟ ಜಾಸ್ತಿ. ಡಾಲರ್ ಸ್ವಲ್ಪ, ಫಾರೆಕ್ಸ್ ಕಾರ್ಡ್ ಒಂದು ಇಟ್ಟುಕೊಳ್ಳಿ. ನಿಲ್ದಾಣದ ಒಳಗಿನ ಕೌಂಟರಿನಲ್ಲಿ ಆ ದಿನದ ಖರ್ಚಿಗೆ ಮಾತ್ರ ಬದಲಾಯಿಸಿ, ಉಳಿದದ್ದನ್ನು ಊರೊಳಗೆ. ಸೂಪರ್‌ರಿಚ್ ಹೆಸರಿನ ಅಂಗಡಿಗಳಲ್ಲಿ ರೇಟ್ ಚೆನ್ನಾಗಿರುತ್ತದೆ. ಪಾಸ್‌ಪೋರ್ಟ್ ಕೇಳುತ್ತಾರೆ.

ಹೊರದೇಶದ ಕಾರ್ಡ್ ಹಾಕಿದರೆ ಎಟಿಎಂ ಪ್ರತಿ ಸಲ 220 ಬಾತ್ ಅಥವಾ ಅದಕ್ಕೂ ಹೆಚ್ಚು ಕತ್ತರಿಸುತ್ತದೆ. ಸಾವಿರ ಸಾವಿರ ಅಂತ ತೆಗೆದರೆ ಮುಗಿಯಿತು ಕಥೆ. ಒಂದೇ ಸಲ ದೊಡ್ಡ ಮೊತ್ತ ತೆಗೆಯಿರಿ. ಪರದೆಯ ಮೇಲೆ "ರೂಪಾಯಿಗೆ ಬದಲಾಯಿಸಲೇ?" ಅಂತ ಬಂದರೆ ಬೇಡ ಅನ್ನಿ. ನಿಮ್ಮ ಬ್ಯಾಂಕಿನ ದರವೇ ವಾಸಿ.

ನೋಟಿನ ಮೇಲೆ ರಾಜರ ಚಿತ್ರವಿದೆ. ಗಾಳಿಗೆ ಹಾರಿದ ನೋಟನ್ನು ಕಾಲಿಂದ ತುಳಿದು ಹಿಡಿಯಬೇಡಿ. ರಾಜಮನೆತನಕ್ಕೆ ಅವಮಾನ ಮಾಡುವುದು ಅಲ್ಲಿ ಜೈಲಿಗೆ ಹೋಗುವ ಅಪರಾಧ. ಆ ವಿಷಯದಲ್ಲಿ ತಮಾಷೆಯೂ ಬೇಡ, ಚರ್ಚೆಯೂ ಬೇಡ.

4. ಇಳಿದ ಮೊದಲ ನಾಲ್ಕು ಗಂಟೆ

ಬೆಂಗಳೂರಿನಿಂದ ಹೊರಡುವ ಎಷ್ಟೋ ವಿಮಾನಗಳು ನಡುರಾತ್ರಿಯವು. ಅಲ್ಲಿ ಇಳಿಯುವಾಗ ಇನ್ನೂ ಬೆಳಗಿನ ಜಾವ. ಹಾಸ್ಟೆಲ್ ಹಾಸಿಗೆ ಕೊಡುವುದು ಮಧ್ಯಾಹ್ನ ಎರಡಕ್ಕೆ. ಈ ನಡುವಿನ ಹೊತ್ತಲ್ಲೇ ಜನ ದಣಿದು, ಸಿಡುಕಿ, ಯಾರೋ ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾರೆ. ಮಾಡಬೇಕಾದ್ದು ಇಷ್ಟು: ಮುಂಚೆಯೇ ಹಾಸ್ಟೆಲಿಗೆ ಮೆಸೇಜ್ ಹಾಕಿ "ಬೆಳಗ್ಗೆ ಬಂದರೆ ಚೀಲ ಇಡಬಹುದಾ, ಸ್ನಾನ ಮಾಡಬಹುದಾ" ಅಂತ ಕೇಳಿ. ಬಹಳ ಕಡೆ ಒಪ್ಪುತ್ತಾರೆ. ಚೀಲ ಇಟ್ಟು, ಸ್ನಾನ ಮಾಡಿ, ಹತ್ತಿರದಲ್ಲೇ ತಿಂದು, ಪಾರ್ಕಿನಲ್ಲೋ ಕಾಫಿ ಅಂಗಡಿಯಲ್ಲೋ ಕೂತುಬಿಡಿ. ಅರಮನೆ ಎಲ್ಲೂ ಓಡಿಹೋಗುವುದಿಲ್ಲ, ನಾಳೆ ನೋಡಿದರಾಯಿತು.

ಸುವರ್ಣಭೂಮಿಯ ನೆಲಮಾಳಿಗೆಯಿಂದ ಏರ್‌ಪೋರ್ಟ್ ರೈಲ್ ಲಿಂಕ್ ಹೊರಡುತ್ತದೆ. ಅರ್ಧ ಗಂಟೆಯಲ್ಲಿ ಫಯಾ ಥಾಯ್ ಸ್ಟೇಷನ್, 45 ಬಾತ್. ಅಲ್ಲಿ ಬಿಟಿಎಸ್ ಸ್ಕೈಟ್ರೈನ್ ಸಿಗುತ್ತದೆ. ಅದಕ್ಕೂ ಮುಂಚಿನ ಮಕ್ಕಸಾನ್‌ನಲ್ಲಿ ಇಳಿದರೆ ಎಂಆರ್‌ಟಿ ಮೆಟ್ರೋ. ಬ್ಯಾಕ್‌ಪ್ಯಾಕ್ ಹೊತ್ತವರ ಬೀದಿ ಖಾವೊಸಾನ್ ಕಡೆಗೆ ಹೋಗುವವರಿಗೆ ಎಸ್1 ಬಸ್ 60 ಬಾತಿಗೆ ಕರೆದೊಯ್ಯುತ್ತದೆ. ಡಾನ್ ಮುವಾಂಗ್‌ನಲ್ಲಿ ಇಳಿದರೆ ಎ1 ಬಸ್ ಮೊ ಚಿಟ್ ಸ್ಟೇಷನ್ನಿಗೆ, ಎ4 ಖಾವೊಸಾನಿಗೆ. 2021ರಲ್ಲಿ ಶುರುವಾದ ರೆಡ್ ಲೈನ್ ರೈಲೂ ಇದೆ.

ಮೂವರು ನಾಲ್ವರಿದ್ದರೆ ಟ್ಯಾಕ್ಸಿಯೇ ಲಾಭ. ಸುವರ್ಣಭೂಮಿಯ ನೆಲಮಟ್ಟದ ಮೊದಲ ಮಹಡಿಗೆ ಇಳಿದು ಯಂತ್ರದಿಂದ ಚೀಟಿ ತೆಗೆದುಕೊಳ್ಳಿ. ಮೀಟರಿನ ಮೇಲೆ 50 ಬಾತ್ ನಿಲ್ದಾಣದ ಶುಲ್ಕ ಮತ್ತು ಟೋಲ್ ನೀವೇ ಕೊಡಬೇಕು, ಇದು ಮೋಸವಲ್ಲ, ನಿಯಮ. ಆ ಚೀಟಿಯನ್ನು ಡ್ರೈವರಿಗೆ ಕೊಡಬೇಡಿ. ಜಗಳವಾದರೆ, ಚೀಲ ಮರೆತರೆ ಅದೇ ನಿಮಗೆ ಆಧಾರ. ಒಳಗೆ ಹಾಲ್‌ನಲ್ಲೇ "ಟ್ಯಾಕ್ಸಿ, ಟ್ಯಾಕ್ಸಿ" ಅಂತ ಬರುವವರಿಗೆ ನಗುತ್ತಾ ತಲೆ ಅಲ್ಲಾಡಿಸಿ ಮುಂದೆ ನಡೆಯಿರಿ.

5. ಎಲ್ಲಿ ಉಳಿಯೋದು

ಬ್ಯಾಕ್‌ಪ್ಯಾಕ್ ಅಂದ ತಕ್ಷಣ ಎಲ್ಲರೂ ಖಾವೊಸಾನ್ ರಸ್ತೆ ಅನ್ನುತ್ತಾರೆ. ನಾನು ಹೇಳುವುದು: ಒಂದು ಸಂಜೆ ಹೋಗಿ ನೋಡಿ, ಉಳಿಯಬೇಡಿ. ಬೆಳಗಿನ ಜಾವದವರೆಗೆ ಕಿವಿಗಡಚಿಕ್ಕುವ ಸಂಗೀತ, ಹತ್ತಿರದಲ್ಲಿ ಮೆಟ್ರೋ ಇಲ್ಲ. ಆ ಕಡೆಯೇ ಬೇಕು ಅಂದರೆ ಪಕ್ಕದ ಸೊಯಿ ರಾಮ್‌ಬುತ್ರಿ ಅಥವಾ ಫ್ರಾ ಆರ್ಥಿಟ್ ರಸ್ತೆ ಹುಡುಕಿ. ಗದ್ದಲ ಕಡಿಮೆ, ನಡೆದರೆ ದೋಣಿಯ ಕಟ್ಟೆ.

ಇಲ್ಲದಿದ್ದರೆ ಹುವಾ ಲಂಫೋಂಗ್ ಹಳೆಯ ರೈಲು ನಿಲ್ದಾಣದ ಸುತ್ತಮುತ್ತ, ಚೈನಾಟೌನ್ ಅಂಚಿನಲ್ಲಿ ಒಳ್ಳೆಯ ಹಾಸ್ಟೆಲುಗಳಿವೆ. ಸಿಲೋಮ್ ಕೂಡ ಸರಿ. ಜಾಗ ಯಾವುದಾದರೂ ಇರಲಿ, ಮೆಟ್ರೋ ಸ್ಟೇಷನ್ನಿಗೋ ದೋಣಿ ಕಟ್ಟೆಗೋ ಹತ್ತು ನಿಮಿಷದ ನಡಿಗೆಯಲ್ಲಿರಬೇಕು. ನೂರು ಬಾತ್ ಉಳಿಸಲು ದೂರ ಹೋದರೆ ಅದರ ಎರಡರಷ್ಟು ಟ್ಯಾಕ್ಸಿಗೆ ಹೋಗುತ್ತದೆ, ಜೊತೆಗೆ ದಿನಕ್ಕೆ ಎರಡು ಗಂಟೆ ಟ್ರಾಫಿಕ್ಕಿಗೆ.

ಒಂದು ಸಂತೋಷದ ಸುದ್ದಿ: ಟಾಯ್ಲೆಟ್ಟುಗಳಲ್ಲಿ ನೀರಿನ ಪೈಪ್ ಇರುತ್ತದೆ. ಯುರೋಪಿಗೆ ಹೋಗಿ ಬಂದವರಿಗೆ ಇದರ ಬೆಲೆ ಗೊತ್ತು.

6. ಓಡಾಟ: ರೈಲು ಮತ್ತು ನೀರು

ರಸ್ತೆಯನ್ನು ಆದಷ್ಟು ಬಿಟ್ಟುಬಿಡಿ. ಈ ಊರು ಹುಟ್ಟಿದ್ದು ನದಿ ಮತ್ತು ಕಾಲುವೆಗಳ ಮೇಲೆ. ಈಗಲೂ ನೀರೇ ವೇಗ.

ಸ್ಕೈಟ್ರೈನ್ 1999ರಲ್ಲಿ ಬಂತು, ನೆಲದಡಿಯ ಎಂಆರ್‌ಟಿ 2004ರಲ್ಲಿ. ಎರಡೂ ಬೇರೆ ಬೇರೆ ಕಂಪನಿಗಳವು, ಟಿಕೆಟ್ ಬೇರೆ, ಗೇಟ್ ಬೇರೆ. ಒಂದರ ಕಾರ್ಡನ್ನು ಇನ್ನೊಂದರ ಗೇಟಿಗೆ ತಟ್ಟಿ ತಟ್ಟಿ ಹಿಂದಿನವರಿಂದ ಬೈಸಿಕೊಳ್ಳಬೇಡಿ. ಎಂಆರ್‌ಟಿಯಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ನೇರವಾಗಿ ತಟ್ಟಬಹುದು. ಎಂಆರ್‌ಟಿ ಸ್ಟೇಷನ್ನಿಗೆ ಇಳಿಯುವ ಮುಂಚೆ ಕೆಲವು ಮೆಟ್ಟಿಲು ಮೇಲೆ ಹತ್ತಬೇಕಾಗುತ್ತದೆ. ವಿಚಿತ್ರ ಅನ್ನಿಸಬಹುದು. ಮಳೆಗಾಲದ ನೆರೆ ಒಳಗೆ ನುಗ್ಗದಿರಲಿ ಅಂತ ಹಾಗೆ ಕಟ್ಟಿದ್ದಾರೆ.

ನದಿಗೆ ಚಾವೊ ಫ್ರಾಯಾ ಎಕ್ಸ್‌ಪ್ರೆಸ್ ದೋಣಿ. ಸಫಾನ್ ಟಾಕ್ಸಿನ್ ಸ್ಟೇಷನ್ ಇಳಿದರೆ ಕೆಳಗೇ ಸಾಥೋರ್ನ್ ಕಟ್ಟೆ. ಅಲ್ಲಿ ಮುಂದೆ ಎದ್ದು ಕಾಣುವ ಕೌಂಟರು ಪ್ರವಾಸಿ ದೋಣಿಯದು, ನೀಲಿ ಬಾವುಟ, ಬೆಲೆ ಜಾಸ್ತಿ. ಊರಿನವರು ಹತ್ತುವುದು ಕಿತ್ತಳೆ ಬಾವುಟದ್ದು. 16 ಬಾತ್ ಕೊಟ್ಟರೆ ಎಲ್ಲಿ ಬೇಕಾದರೂ ಇಳಿಯಬಹುದು. ಕಂಡಕ್ಟರ್ ಹೆಂಗಸರು ಉದ್ದನೆಯ ತಗಡಿನ ಡಬ್ಬಿಯನ್ನು ಟಕಟಕ ಬಡಿಯುತ್ತಾ ಬರುತ್ತಾರೆ, ಅದರೊಳಗೇ ಚಿಲ್ಲರೆ, ಅದರೊಳಗೇ ಟಿಕೆಟ್. ಸಂಜೆ ಐದರ ಮೇಲೆ ಈ ದೋಣಿಯ ಹಿಂಭಾಗದಲ್ಲಿ ನಿಂತರೆ ಬೇರೆಯವರು ಸಾವಿರಾರು ಬಾತ್ ಕೊಟ್ಟು ಕ್ರೂಸಿನಿಂದ ನೋಡುವುದನ್ನೇ ನೀವೂ ನೋಡುತ್ತೀರಿ.

ಇನ್ನೊಂದು ಸಾನ್ ಸಾಪ್ ಕಾಲುವೆಯ ದೋಣಿ. ಇದನ್ನು ತಪ್ಪಿಸಿಕೊಳ್ಳಬೇಡಿ, ಆದರೆ ಎಚ್ಚರ ಇರಲಿ. ಗೋಲ್ಡನ್ ಮೌಂಟ್ (ಗುಡ್ಡದ ಮೇಲಿನ ದೇವಸ್ಥಾನ) ಹತ್ತಿರದ ಫಾನ್‌ಫಾ ಕಟ್ಟೆಯಲ್ಲಿ ಹತ್ತಿದರೆ ಟ್ರಾಫಿಕ್ಕಿನ ಕೆಳಗೆ ನುಸುಳಿ ಪ್ರಾತುನಾಮ್ ಬಟ್ಟೆ ಮಾರುಕಟ್ಟೆಗೆ ಕಾಲು ಗಂಟೆಯಲ್ಲಿ ತಲುಪಿಸುತ್ತದೆ. ನೀರು ಕಪ್ಪು, ವಾಸನೆಯೂ ಇದೆ. ದೋಣಿ ಕಟ್ಟೆಗೆ ತಾಗಿ ನಿಲ್ಲುವುದು ಕೆಲವೇ ಸೆಕೆಂಡು. ಜನ ಹಾರುತ್ತಾರೆ, ನೀವೂ ಹಗ್ಗ ಹಿಡಿದು ಹಾರಬೇಕು. ಚೀಲ ಎದೆಗೆ ಹಾಕಿಕೊಳ್ಳಿ, ಫೋನ್ ಜೇಬಿನ ಒಳಗಿರಲಿ. ಅಂಚಿನಲ್ಲಿ ಕೂತವರು ಪ್ಲಾಸ್ಟಿಕ್ ಪರದೆಯನ್ನು ಹಗ್ಗದಿಂದ ಮೇಲೆಳೆಯಬೇಕು, ಇಲ್ಲದಿದ್ದರೆ ಎದುರು ದೋಣಿ ಬಂದಾಗ ಎಲ್ಲರ ಮುಖಕ್ಕೂ ಕಾಲುವೆಯ ತೀರ್ಥ. ಹೆಲ್ಮೆಟ್ ಹಾಕಿದ ಕಂಡಕ್ಟರುಗಳು ದೋಣಿಯ ಹೊರ ಅಂಚಿನಲ್ಲೇ ನಡೆದು ಟಿಕೆಟ್ ಕೊಡುವುದನ್ನು ನೋಡುವುದೇ ಒಂದು ತಮಾಷೆ.

ಟ್ಯಾಕ್ಸಿ ಬೇಕಾದರೆ ಗ್ರಾಬ್ ಅಥವಾ ಬೋಲ್ಟ್ ಆ್ಯಪ್. ರಸ್ತೆಯಲ್ಲಿ ಕೈ ಮಾಡಿದರೆ ಮೀಟರ್ ಹಾಕು ಅನ್ನಿ. ಹಾಕಲ್ಲ ಅಂದರೆ ಇಳಿದು ಮುಂದಿನದಕ್ಕೆ ಕೈ ಮಾಡಿ. ಪ್ರವಾಸಿ ತಾಣದ ಮುಂದೆ ಸಾಲಾಗಿ ನಿಂತದ್ದನ್ನು ಹಿಡಿಯಬೇಡಿ, ರಸ್ತೆಯಲ್ಲಿ ಓಡುತ್ತಿರುವುದನ್ನು ನಿಲ್ಲಿಸಿ. ಸಂಜೆ ನಾಲ್ಕರಿಂದ ಎಂಟರವರೆಗೆ ಯಾವುದೂ ಬೇಡ, ನಡೆಯಿರಿ. ವಾಹನಗಳು ನಮ್ಮಂತೆ ಎಡಗಡೆ ಹೋಗುತ್ತವೆ. ಜೀಬ್ರಾ ಪಟ್ಟೆ ನೋಡಿ ನಿಲ್ಲುತ್ತವೆ ಅಂತ ನಂಬಬೇಡಿ. ಬೆಂಗಳೂರಲ್ಲಿ ರಸ್ತೆ ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

7. ಅರಮನೆಯ ದಿನ, ಮತ್ತು ಇಪ್ಪತ್ತು ಬಾತಿನ ಟುಕ್‌ಟುಕ್

ಗ್ರಾಂಡ್ ಪ್ಯಾಲೇಸ್‌ಗೆ ಎಂಆರ್‌ಟಿಯ ಸನಾಮ್ ಚಾಯ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ದೋಣಿಯಾದರೆ ಥಾ ಚಾಂಗ್ ಕಟ್ಟೆ. ಟಿಕೆಟ್ 500 ಬಾತ್. ಬೆಳಗ್ಗೆ ಎಂಟೂವರೆಗೆ ಬಾಗಿಲು ತೆರೆಯುತ್ತದೆ, ಮಧ್ಯಾಹ್ನ ಮೂರೂವರೆವರೆಗೆ ಟಿಕೆಟ್. ತೆರೆಯುವ ಹೊತ್ತಿಗೇ ಇರಿ. ಹತ್ತು ಗಂಟೆಗೆ ಬಸ್ಸುಗಳು ಬಂದು ಸುರಿದರೆ ನೆರಳಿಗೂ ಜಾಗವಿಲ್ಲ.

ಈಗ ಆ ಪ್ರಸಿದ್ಧ ಎಡವಟ್ಟು. ಅರಮನೆಯ ಗೋಡೆಯ ಪಕ್ಕ ನಡೆಯುತ್ತಿರುವಾಗ ನೀಟಾಗಿ ಬಟ್ಟೆ ಹಾಕಿದ ಒಬ್ಬರು ನಗುತ್ತಾ ಬರುತ್ತಾರೆ. ಕೆಲವೊಮ್ಮೆ ಕೊರಳಲ್ಲಿ ಒಂದು ಗುರುತಿನ ಚೀಟಿ. "ಇವತ್ತು ಅರಮನೆ ಮುಚ್ಚಿದೆ, ಬೌದ್ಧರ ವಿಶೇಷ ಪೂಜೆ. ಮಧ್ಯಾಹ್ನ ತೆರೀತಾರೆ. ಅಲ್ಲಿವರೆಗೆ ದೊಡ್ಡ ಬುದ್ಧ, ಅದೃಷ್ಟದ ಬುದ್ಧ ನೋಡ್ಕೊಂಡು ಬನ್ನಿ" ಅನ್ನುತ್ತಾರೆ. ಅಷ್ಟರಲ್ಲಿ ಪಕ್ಕದಲ್ಲಿ ನಮ್ಮ ಆಟೋದಂಥ ಒಂದು ಟುಕ್‌ಟುಕ್ ನಿಂತಿರುತ್ತದೆ. ನಾಲ್ಕು ಜಾಗಕ್ಕೆ ಬರೀ 20 ಬಾತ್! ಮೊದಲು ಒಂದು ಚಿಕ್ಕ ದೇವಸ್ಥಾನ. ಅಲ್ಲಿ "ಅಕಸ್ಮಾತ್ತಾಗಿ" ಸಿಕ್ಕ ಇನ್ನೊಬ್ಬ ಸಜ್ಜನ "ಇವತ್ತೇ ಸರ್ಕಾರದ ರತ್ನದ ಮಾರಾಟ, ಇವತ್ತೇ ಕೊನೆ ದಿನ" ಅನ್ನುತ್ತಾನೆ. ಮುಂದೆ ರತ್ನದ ಅಂಗಡಿ, ಆಮೇಲೆ ಸೂಟ್ ಹೊಲಿಯುವ ಅಂಗಡಿ. ಊರಿಗೆ ತಂದು ಮಾರಿದರೆ ಮೂರರಷ್ಟು ಲಾಭ ಅಂತ ತಲೆ ತುಂಬುತ್ತಾರೆ. ಸಿಕ್ಕುವುದು ಕಳಪೆ ನೀಲಮಣಿ, ಹೋಗುವುದು ಕಾರ್ಡಿನ ಲಿಮಿಟ್ಟು.

ಇದು ಹತ್ತಾರು ವರ್ಷದಿಂದ ಹೀಗೇ ನಡೆಯುತ್ತಿದೆ. ಅರಮನೆಯ ಬಾಗಿಲಲ್ಲೇ ಇಂಥವರನ್ನು ನಂಬಬೇಡಿ ಅಂತ ಎಚ್ಚರಿಕೆ ಹಾಕಿದ್ದಾರೆ. ಆದರೂ ಓದುಬರಹ ಬಲ್ಲವರೇ ಬೀಳುತ್ತಾರೆ, ಏಕೆಂದರೆ ಹೇಳುವವರು ದುಡ್ಡು ಕೇಳುವುದೇ ಇಲ್ಲ. ಪರಿಹಾರ ಸುಲಭ. ಯಾರು ಏನೇ ಹೇಳಲಿ, ಟಿಕೆಟ್ ಕೌಂಟರಿನವರೆಗೆ ನಡೆದು ನೋಡಿ. ಮುಚ್ಚಿದ್ದರೆ ಕಾಣುತ್ತದೆ ಅಲ್ವಾ? ಟುಕ್‌ಟುಕ್ ಸವಾರಿ ಬೇಕೇ ಬೇಕು ಅಂದರೆ ರಾತ್ರಿ ಚೈನಾಟೌನಿನಲ್ಲಿ ಹತ್ತಿ, ಮುಂಚೆ ದರ ಮಾತಾಡಿ, ಒಂದೇ ಜಾಗಕ್ಕೆ ಹೋಗಿ. ಗಾಳಿ, ಬಣ್ಣದ ದೀಪ, ಗದ್ದಲ, ಎಲ್ಲ ಚೆನ್ನಾಗಿರುತ್ತದೆ.

ಒಳಗೆ ಹೋದ ಮೇಲೆ ಹೆಚ್ಚಿನವರು ಚಿನ್ನದ ಗೋಪುರದ ಮುಂದೆ ಫೋಟೋ ತೆಗೆದು, ಪಚ್ಚೆ ಬುದ್ಧನಿಗೆ ಕೈಮುಗಿದು ಹೊರಡುತ್ತಾರೆ. ನಮ್ಮವರು ಅವಸರ ಮಾಡಬಾರದ ಜಾಗ ಸುತ್ತಲಿನ ಪಡಸಾಲೆ. ಅದರ ಗೋಡೆಯ ಮೇಲೆ 178 ಭಾಗಗಳಲ್ಲಿ ಇಡೀ ರಾಮಕಿಯೆನ್, ಅಂದರೆ ಥಾಯ್ ರಾಮಾಯಣ. ಕಥೆ ಗೊತ್ತಿರುವ ನಮಗೆ ಗೈಡ್ ಬೇಕಾಗಿಲ್ಲ. ಹತ್ತು ತಲೆಯ ತೊಸಕಾನ್ ಯಾರು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಆದರೆ ಹನುಮಂತನ ಹತ್ತಿರ ಬಂದಾಗ ಸ್ವಲ್ಪ ಗಾಬರಿಯಾಗಬಹುದು. ಇಲ್ಲಿನ ಬಿಳಿ ಹನುಮಂತ ಬ್ರಹ್ಮಚಾರಿಯಲ್ಲ, ದೊಡ್ಡ ರಸಿಕ. ಸೇತುವೆಯ ಕಲ್ಲು ಕದಿಯಲು ರಾವಣ ತನ್ನ ಮಗಳಾದ ಮತ್ಸ್ಯಕನ್ಯೆಯನ್ನು ಕಳಿಸುತ್ತಾನೆ. ತಡೆಯಲು ಹೋದ ಹನುಮಂತ ಅವಳನ್ನೇ ಒಲಿಸಿಕೊಳ್ಳುತ್ತಾನೆ, ಅವರಿಗೆ ಮೀನಿನ ಬಾಲದ ಮಗನೂ ಹುಟ್ಟುತ್ತಾನೆ. ಅಜ್ಜಿಯನ್ನು ಕರೆದುಕೊಂಡು ಹೋದವರು ಈ ಭಾಗವನ್ನು ಮೆತ್ತಗೆ ದಾಟಿಸಿ.

ಅರಮನೆಯ ಟಿಕೆಟ್ಟನ್ನು ಹೊರಬಂದ ಕೂಡಲೇ ಎಸೆಯಬೇಡಿ. ವಾರದ ದಿನಗಳಲ್ಲಿ ಅದೇ ಟಿಕೆಟ್ಟಿನಲ್ಲಿ ಸಾಲಾ ಚಲೆಮ್‌ಕ್ರುಂಗ್ ರಂಗಮಂದಿರದ ಖೋನ್ ಪ್ರದರ್ಶನ ನೋಡಬಹುದು. ಮುಖವಾಡ ಹಾಕಿ ರಾಮಕಿಯೆನ್ ಕುಣಿಯುವ ಕಲೆ ಇದು. 2018ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಯಕ್ಷಗಾನ ನೋಡಿ ಬೆಳೆದವರಿಗೆ ರಾಕ್ಷಸ ಪಾತ್ರದ ನಿಲುವು, ಕಾಲು ಎತ್ತಿ ಇಡುವ ರೀತಿ ನೋಡುತ್ತಾ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಟಿಕೆಟ್ ಜೊತೆ ಇದು ಬರುತ್ತದೆ ಅನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ.

ಅರಮನೆಯಿಂದ ವಾಟ್ ಫೋ ದೇವಸ್ಥಾನ ಹತ್ತಿರ. 46 ಮೀಟರ್ ಉದ್ದದ ಮಲಗಿದ ಬುದ್ಧ, ಪಾದದಲ್ಲಿ ಮುತ್ತಿನ ಚಿಪ್ಪಿನ ಕೆತ್ತನೆ. ಥಾಯ್ ಮಸಾಜಿನ ಹಳೆಯ ಶಾಲೆ ಇದೇ ಆವರಣದಲ್ಲಿದೆ, ದಣಿದ ಕಾಲಿಗೆ ಇಲ್ಲೇ ಅರ್ಧ ಗಂಟೆ ಕೊಡಿ. ಆಮೇಲೆ ಥಾ ಟಿಯೆನ್ ಕಟ್ಟೆಯಿಂದ 5 ಬಾತಿನ ದಾಟುದೋಣಿ ಹಿಡಿದರೆ ಆಚೆ ದಡದಲ್ಲಿ ವಾಟ್ ಅರುಣ್. ದೂರದಿಂದ ಬೂದು ಬಣ್ಣ. ಹತ್ತಿರ ಹೋದರೆ ಇಡೀ ಗೋಪುರಕ್ಕೆ ಚೀನಾದ ಪಿಂಗಾಣಿ ಚೂರುಗಳನ್ನು ಅಂಟಿಸಿ ಹೂ ಮಾಡಿರುವುದು ಕಾಣುತ್ತದೆ. ಮೆಟ್ಟಿಲು ಕಡಿದು, ಇಳಿಯುವಾಗ ಕಂಬಿ ಹಿಡಿಯಿರಿ.

ದೇವಸ್ಥಾನಗಳಲ್ಲಿ ಕೂರುವಾಗ ಪಾದ ಬುದ್ಧನ ಕಡೆ ಚಾಚಬಾರದು. ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು, ಕೈಗೆ ನೇರವಾಗಿ ಏನನ್ನೂ ಕೊಡಬಾರದು. ಉಳಿದದ್ದು ನಮ್ಮ ಕಡೆಯ ಹಾಗೆಯೇ.

8. ಊಟ, ಸಸ್ಯಾಹಾರಿಗಳಿಗೆ ಸ್ವಲ್ಪ ಉದ್ದವಾಗಿ

ಮಾಂಸ ತಿನ್ನುವವರಿಗೆ ಹೇಳುವುದೇನಿಲ್ಲ. ಸಂಜೆ ಚೈನಾಟೌನಿನ ಯಾವೊರಾಟ್ ರಸ್ತೆಗೆ ಹೋಗಿ, ಸ್ಥಳೀಯರು ಸಾಲು ನಿಂತ ಗಾಡಿಯಲ್ಲಿ ತಿನ್ನಿ. ಸೋಮವಾರ ಬಹಳ ಗಾಡಿಗಳು ಇರುವುದಿಲ್ಲ, ಅಷ್ಟೇ.

ಸಸ್ಯಾಹಾರಿಗಳ ಕಷ್ಟ ಬೇರೆ. "ವೆಜಿಟೇರಿಯನ್" ಅಂದರೆ ಮಾಂಸದ ತುಂಡು ತೆಗೆದು ಕೊಡುತ್ತಾರೆ. ಮೀನಿನ ಸಾಸ್ ಹಾಗೇ ಇರುತ್ತದೆ. ಅವರಿಗೆ ಅದು ನಮ್ಮ ಉಪ್ಪಿದ್ದಂತೆ, ಹೇಳಬೇಕಾದ ಪದಾರ್ಥ ಅನ್ನಿಸುವುದೇ ಇಲ್ಲ. ಪಪ್ಪಾಯಿ ಸಲಾಡಿನಲ್ಲಿ ಒಣಸೀಗಡಿ, ಪ್ಯಾಡ್ ಥಾಯ್‌ನಲ್ಲಿ ಒಣಸೀಗಡಿ, ಕೆಂಪು ಹಸಿರು ಕರಿಗಳ ಮಸಾಲೆಯಲ್ಲಿ ಸೀಗಡಿಯ ಪೇಸ್ಟ್.

ಹೀಗಾಗಿ ಹೇಳಬೇಕಾದ ಮಾತು "ಜೇ". ಚೀನೀ ಬೌದ್ಧ ಸಂಪ್ರದಾಯದ ಕಟ್ಟುನಿಟ್ಟಿನ ಊಟ ಅದು. ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. "ಕಿನ್ ಜೇ" ಅಂದರೆ ನಾನು ಜೇ ತಿನ್ನುವವನು ಅಂತ. ಹಳದಿ ಬಾವುಟದ ಮೇಲೆ ಕೆಂಪು ಬಣ್ಣದಲ್ಲಿ ಅಂಕಿ 17ರ ಹಾಗೆ ಕಾಣುವ ಅಕ್ಷರ ಕಂಡರೆ ಅದು ಜೇ ಅಂಗಡಿ. ಸೆವೆನ್ ಇಲೆವೆನ್ ಅಂಗಡಿಯ ಪೊಟ್ಟಣಗಳ ಮೇಲೂ ಇದೇ ಗುರುತು ಹುಡುಕಿ. ಒಂದೇ ಗಾಬರಿ: ಜೇ ಅಂಗಡಿಯ ತಟ್ಟೆಯಲ್ಲಿ ಹಂದಿ ಮಾಂಸದಂತೆ, ಬಾತುಕೋಳಿಯಂತೆ ಕಾಣುವುದು ಇರುತ್ತದೆ. ಅದು ಸೋಯಾ ಅಥವಾ ಗೋಧಿಯಿಂದ ಮಾಡಿದ್ದು. ಮನಸ್ಸು ಒಪ್ಪದಿದ್ದರೆ ಅಣಬೆ, ತೋಫು, ಸೊಪ್ಪು ತೋರಿಸಿ ಹಾಕಿಸಿಕೊಳ್ಳಿ.

ಬೆರಳು ತೋರಿಸಿ ತಿನ್ನುವ ಜಾಗದಲ್ಲಿ "ಮಾಯ್ ಸಾಯ್ ನಾಮ್ ಪ್ಲಾ" ಅಂದರೆ ಮೀನಿನ ಸಾಸ್ ಹಾಕಬೇಡಿ ಅಂತ. "ಮಾಯ್ ಪೆಟ್" ಅಂದರೆ ಖಾರ ಬೇಡ. ನಾವು ಬ್ಯಾಡಗಿ ಗುಂಟೂರು ಎಲ್ಲ ತಿಂದವರು ಅಂತ ಜಂಬ ಪಡಬೇಡಿ. ಅವರ ಚಿಕ್ಕ ಸೂಜಿಮೆಣಸು ಕಣ್ಣಲ್ಲಿ ನೀರು ತರಿಸುತ್ತದೆ.

ಅನ್ನ ಸಾರಿನ ನೆನಪಾದರೆ ಎಂಆರ್‌ಟಿಯ ಸಾಮ್ ಯೋಟ್ ಇಳಿದು ಫಾಹುರಾಟ್‌ಗೆ ಹೋಗಿ. ಬಟ್ಟೆ ವ್ಯಾಪಾರಿಗಳ ಭಾರತೀಯ ಬೀದಿ ಅದು. ದೊಡ್ಡ ಗುರುದ್ವಾರ ಇದೆ, ಬೆಳಗಿನ ಹೊತ್ತು ಲಂಗರ್ (ಉಚಿತ ಊಟ) ಇರುತ್ತದೆ. ಸಿಲೋಮ್‌ನಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ದೇವಸ್ಥಾನವಿದೆ. ಸುತ್ತಮುತ್ತ ದಕ್ಷಿಣದ ಊಟವೂ ಸಿಗುತ್ತದೆ.

ಮಾರ್ಚ್‌ನಿಂದ ಮೇವರೆಗೆ ಹೋದವರು ಮಾವು ಮತ್ತು ತೆಂಗಿನ ಹಾಲಿನ ಅಂಟು ಅನ್ನವನ್ನು ದಿನಾ ತಿನ್ನಿ, ನಾಚಿಕೆ ಬೇಡ. ಡುರಿಯನ್ ಹಣ್ಣನ್ನು ಕೊಂಡ ಜಾಗದಲ್ಲೇ ತಿಂದು ಮುಗಿಸಿ. ಹೋಟೆಲಿನ ರೂಮಿಗೂ ರೈಲಿಗೂ ಅದಕ್ಕೆ ಪ್ರವೇಶವಿಲ್ಲ.

9. ಮಳೆ ಬಂದಾಗ, ಬಿಸಿಲು ಹೆಚ್ಚಾದಾಗ

ಮಳೆ ಜೋರಾದರೆ ಸಿಯಾಮ್‌ನಿಂದ ಚಿಟ್ ಲೋಮ್‌ವರೆಗೆ ರೈಲಿನ ಕೆಳಗೆ ಸೂರಿರುವ ನಡೆದಾರಿ ಇದೆ, ಒದ್ದೆಯಾಗದೆ ಸಾಗಬಹುದು. ಅದರ ತುದಿಗೆ ಎರವಾನ್ ಗುಡಿ: ನಾಲ್ಕು ಮುಖದ ಬ್ರಹ್ಮ, 1956ರಲ್ಲಿ ಪ್ರತಿಷ್ಠೆಯಾದದ್ದು. ನಮ್ಮಲ್ಲಿ ಪೂಜೆಯೇ ಅಪರೂಪವಾದ ದೇವರಿಗೆ ಅಲ್ಲಿ ಮಾಲ್‌ಗಳ ನಡುವೆ ದಿನವಿಡೀ ಊದುಬತ್ತಿ, ಹರಕೆಯ ನೃತ್ಯ. ರಸ್ತೆಯಲ್ಲಿ ನಿಂತ ನೀರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಡಿ, ತೆರೆದ ಚರಂಡಿ, ಗಾಜಿನ ಚೂರು ಏನಿದೆಯೋ ಕಾಣುವುದಿಲ್ಲ.

ಬಿಸಿಲಿನ ದಿನ ಹನ್ನೆರಡರಿಂದ ಮೂರು ಒಳಗಿರಿ. ಐದಕ್ಕೆ ಲುಂಫಿನಿ ಪಾರ್ಕಿಗೆ ಹೋಗಿ. ಕೆರೆಯ ದಡದಲ್ಲಿ ಆಳುದ್ದದ ಉಡಗಳು ಆರಾಮಾಗಿ ಅಡ್ಡಾಡುತ್ತಿರುತ್ತವೆ. ಅವು ನಿಮ್ಮ ತಂಟೆಗೆ ಬರುವುದಿಲ್ಲ, ನೀವೂ ಸೆಲ್ಫಿಗೆ ಹತ್ತಿರ ಹೋಗಬೇಡಿ. ಸರಿಯಾಗಿ ಆರು ಗಂಟೆಗೆ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಬರುತ್ತದೆ. ಓಡುತ್ತಿದ್ದ ಸಾವಿರ ಜನ ಇದ್ದಲ್ಲೇ ನಿಲ್ಲುತ್ತಾರೆ. ನೀವೂ ನಿಲ್ಲಿ. ಗೀತೆ ಮುಗಿದ ಮರುಕ್ಷಣ ಎಲ್ಲರೂ ಮತ್ತೆ ಓಡುತ್ತಾರೆ. ಬ್ಯಾಂಕಾಕಿನಲ್ಲಿ ಬಿಟ್ಟಿಯಾಗಿ ಸಿಗುವ ನೋಟಗಳಲ್ಲಿ ನನಗೆ ಇದೇ ಮೊದಲನೆಯದು.

ಶನಿವಾರ ಭಾನುವಾರ ಇದ್ದರೆ ಚಾಟುಚಾಕ್ ಸಂತೆ. ಕಂಫೆಂಗ್ ಫೆಟ್ ಸ್ಟೇಷನ್ನಿನಿಂದ ಮೇಲೆ ಬಂದರೆ ಸಂತೆಯೊಳಗೇ ಇರುತ್ತೀರಿ. ಇಷ್ಟವಾದದ್ದು ಕಂಡರೆ ಅಲ್ಲೇ ಕೊಳ್ಳಿ. ಆಮೇಲೆ ಬರೋಣ ಅಂದರೆ ಆ ಅಂಗಡಿ ಮತ್ತೆ ಸಿಗುವುದಿಲ್ಲ.

ಊರಿನ ಗದ್ದಲ ಸಾಕಾದ ದಿನ ರೈಲಿನಲ್ಲಿ ಅಯುಥಾಯಕ್ಕೆ ಹೋಗಿ ಬನ್ನಿ. ಸಾಮಾನ್ಯ ಮೂರನೇ ದರ್ಜೆಗೆ 20 ಬಾತ್ ಆಸುಪಾಸು. 1767ರಲ್ಲಿ ಬರ್ಮಾದ ಸೈನ್ಯ ಹಾಳುಗೆಡವಿದ ಹಳೆಯ ರಾಜಧಾನಿ ಅದು. ಸೈಕಲ್ ಬಾಡಿಗೆಗೆ ಸಿಗುತ್ತದೆ. ಹಂಪಿಯಲ್ಲಿ ಸೈಕಲ್ ಹೊಡೆದವರಿಗೆ ಕೂಡಲೇ ಒಗ್ಗುತ್ತದೆ. ದೂರದ ರೈಲುಗಳು 2023ರಿಂದ ಹುವಾ ಲಂಫೋಂಗ್ ಬಿಟ್ಟು ಕ್ರುಂಗ್ ಥೆಪ್ ಅಫಿವಾಟ್ ದೊಡ್ಡ ನಿಲ್ದಾಣದಿಂದ ಹೊರಡುತ್ತವೆ. ಹಳೆಯ ಕೈಪಿಡಿ ಓದಿ ತಪ್ಪು ನಿಲ್ದಾಣಕ್ಕೆ ಹೋಗುವವರು ಇವತ್ತಿಗೂ ಇದ್ದಾರೆ.

10. ಏನಾದರೂ ಕೆಟ್ಟರೆ

ಟೂರಿಸ್ಟ್ ಪೊಲೀಸ್ 1155, ಇಂಗ್ಲಿಷ್ ಮಾತಾಡುತ್ತಾರೆ. ಆಂಬುಲೆನ್ಸ್ 1669. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಭಾರತೀಯ ರಾಯಭಾರ ಕಚೇರಿ. ಪಾಸ್‌ಪೋರ್ಟಿನ ಫೋಟೋವನ್ನು ಫೋನಿನಲ್ಲಷ್ಟೇ ಅಲ್ಲ, ಮನೆಯವರ ಹತ್ತಿರವೂ ಇಡಿ. ಬೈಕ್ ಬಾಡಿಗೆಗೆ ಪಾಸ್‌ಪೋರ್ಟ್ ಒತ್ತೆ ಇಡಬೇಡಿ. ಬಾರುಗಳ ಬೀದಿ ಪಟ್‌ಪಾಂಗ್ ಕಡೆ "ಬರೀ ನೂರು ಬಾತಿನ ಬಿಯರ್" ಅಂತ ಮಹಡಿಗೆ ಕರೆದರೆ ಹತ್ತಬೇಡಿ. ಬಿಲ್ ಬರುವಾಗ ಸೊನ್ನೆ ಜಾಸ್ತಿಯಾಗಿರುತ್ತದೆ, ಬಾಗಿಲಲ್ಲಿ ದಪ್ಪ ಮನುಷ್ಯರು ನಿಂತಿರುತ್ತಾರೆ.

11. ವಾಪಸ್ ಬರುವಾಗ

ಇದನ್ನು ಗಟ್ಟಿಯಾಗಿ ಹೇಳಬೇಕು. ಬ್ಯಾಂಕಾಕಿನಿಂದ ಬಂದ ಪ್ರಯಾಣಿಕರ ಚೀಲದಲ್ಲಿ ಹೈಡ್ರೋಪೋನಿಕ್ ಗಾಂಜಾ, ಜೀವಂತ ಹಾವು, ಆಮೆ ಸಿಕ್ಕಿದ ಸುದ್ದಿ ಬೆಂಗಳೂರಿನ ಪೇಪರಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಅಲ್ಲಿ ಗಾಂಜಾ ಅಂಗಡಿ ಬೀದಿಯಲ್ಲೇ ಕಾಣಬಹುದು. ನಮ್ಮಲ್ಲಿ ಅದು ವರ್ಷಗಟ್ಟಲೆ ಜೈಲು. ಹಾಸ್ಟೆಲಿನಲ್ಲಿ ಪರಿಚಯವಾದವರು "ಬೆಂಗಳೂರಲ್ಲಿ ನಮ್ಮವರಿಗೆ ಈ ಚಾಕೊಲೇಟ್ ಡಬ್ಬಿ ಕೊಟ್ಟುಬಿಡಿ" ಅಂದರೆ ಎಷ್ಟೇ ಸಂಕೋಚವಾದರೂ ಆಗಲ್ಲ ಅನ್ನಿ. ಚೀಲಕ್ಕೆ ಬೀಗ ಹಾಕಿ, ನೀವೇ ತುಂಬಿ.

ಬುದ್ಧನ ವಿಗ್ರಹ ಹೊರಗೆ ಒಯ್ಯಲು ಅಲ್ಲಿನ ಲಲಿತಕಲಾ ಇಲಾಖೆಯ ಅನುಮತಿ ಬೇಕು. ಅಂಗಡಿಯವರು ಏನಾಗಲ್ಲ ಅಂದರೂ ಕಸ್ಟಮ್ಸ್‌ನವರು ಹಾಗನ್ನುವುದಿಲ್ಲ. ಚಟ್ನಿ, ಸಾಸ್ ಬಾಟಲಿ ಕೈಚೀಲದಲ್ಲಿ ಹೋಗುವುದಿಲ್ಲ.

ಸುವರ್ಣಭೂಮಿಗೆ ಮೂರು ಗಂಟೆ ಮುಂಚೆ ತಲುಪಿ. ಚೆಕ್-ಇನ್ ಮೇಲಿನ ಮಹಡಿಯಲ್ಲಿದೆ. ಆದರೆ ಮೊದಲು ಕೆಳಗಿನ ಮೊದಲ ಮಹಡಿಗೆ ಹೋಗಿ. ನಿಲ್ದಾಣದ ಕೆಲಸಗಾರರು ಊಟ ಮಾಡುವ ಕೂಪನ್ ಕ್ಯಾಂಟೀನ್ ಇದೆ, ಊರಿನ ದರದಲ್ಲೇ ಹೊಟ್ಟೆ ತುಂಬುತ್ತದೆ. ಉಳಿದ ನಾಣ್ಯಗಳನ್ನು ಇಲ್ಲೇ ಖಾಲಿ ಮಾಡಿ, ಬೆಂಗಳೂರಲ್ಲಿ ಯಾರೂ ಬದಲಾಯಿಸಿಕೊಡುವುದಿಲ್ಲ. ಇಮಿಗ್ರೇಷನ್ ದಾಟಿದ ಮೇಲೆ ಸಮುದ್ರಮಥನದ ದೊಡ್ಡ ಶಿಲ್ಪದ ಮುಂದೆ ಫೋಟೋಕ್ಕೆ ಜನ ಮುತ್ತಿರುತ್ತಾರೆ. ಅಲ್ಲಿಂದ ಕೆಲವು ಗೇಟುಗಳಿಗೆ ಕಾಲು ಗಂಟೆ ನಡಿಗೆ, ಬೋರ್ಡಿಂಗ್ ಪಾಸ್ ಇನ್ನೊಂದು ಸಲ ನೋಡಿಕೊಂಡು ಆಮೇಲೆ ಫೋಟೋಕ್ಕೆ ನಿಲ್ಲಿ.